ಸೂಪರ್‌ಹೀರೋ ಪಾಠದಲ್ಲಿ ಬಾರದ ಹಂಟರ್‌ವಾಲಿ

ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1938ರಲ್ಲಿ, ಅಮೆರಿಕದ ಒಂದು ಕಾಮಿಕ್ಸ್ ಪುಸ್ತಕದ ಮುಖಪುಟದಲ್ಲಿ, ಕಾರೊಂದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದುಕೊಂಡು. ಬ್ಯಾಟ್‌ಮ್ಯಾನ್ ಬಂದದ್ದು ಮರುವರ್ಷ, ವಂಡರ್ ವುಮನ್ 1941ರಲ್ಲಿ. ಇವರೆಲ್ಲರಿಗಿಂತ ಮೊದಲೇ, 1935ರ ಜೂನ್‌ನಲ್ಲಿ, ಮುಂಬೈ ಗ್ರಾಂಟ್ ರೋಡಿನ ಸೂಪರ್ ಸಿನಿಮಾ ಎಂಬ ಚಿತ್ರಮಂದಿರದ ಪರದೆಯ ಮೇಲೆ ಹೆಣ್ಣೊಬ್ಬಳು ಮುಖವಾಡ ತೊಟ್ಟು, ಕೈಯಲ್ಲಿ ಚಾವಟಿ ಹಿಡಿದು, ಕುದುರೆ ಏರಿ ಬಂದಳು. ಚಿತ್ರದ ಹೆಸರು ‘ಹಂಟರ್‌ವಾಲಿ’. ಹಿಂದೂಸ್ತಾನಿಯಲ್ಲಿ ಹಂಟರ್ ಅಂದರೆ ಚಾವಟಿ. ಆ ಚಾವಟಿಯವಳ ಪಾತ್ರ ಮಾಡಿದವರು ನಾಡಿಯಾ. ಮುಂದೆ ಇಡೀ ದೇಶ ಅವರನ್ನು ಫಿಯರ್‌ಲೆಸ್ ನಾಡಿಯಾ, ಅಂದರೆ ಭಯವಿಲ್ಲದ ನಾಡಿಯಾ ಎಂದೇ ಕರೆಯಿತು.

ಈಗ ಅವರ ನೆನಪಾಗಲು ಕಾರಣ ಒಂದು ಕಾಲೇಜಿನ ಪಠ್ಯ. ಕೋಲ್ಕತ್ತಾದ ಅಲಿಪುರದಲ್ಲಿ ನಾನಿರುವ ಕಟ್ಟಡದಲ್ಲಿ ನಮ್ಮದು ಬಿಟ್ಟರೆ ಕನ್ನಡದ ಮನೆ ಇನ್ನೊಂದೇ. ಆ ಮನೆಯ ಮಗಳು ಇಲ್ಲಿ ಮಾಧ್ಯಮ ವಿಷಯದಲ್ಲಿ ಪದವಿ ಓದುತ್ತಿದ್ದಾಳೆ. ಈ ಸೆಮಿಸ್ಟರಿನಲ್ಲಿ ಅವಳಿಗೆ ಸೂಪರ್‌ಹೀರೋ ಸಿನಿಮಾಗಳನ್ನು ಒಂದು ಪ್ರಕಾರವಾಗಿ ಅಧ್ಯಯನ ಮಾಡುವ ಪಾಠವಿದೆ. ಎಂ.ಟೆಕ್. ಕಾಲದಲ್ಲಿ ಆಲ್ಗಾರಿದಮ್ ಜೊತೆ ಗುದ್ದಾಡಿದ ನನ್ನಂಥವರಿಗೆ ಇದು ಓದೋ ಆಟವೋ ಎಂದು ಹೊಟ್ಟೆಕಿಚ್ಚಾಗುವುದು ಸಹಜ. ಆದರೆ ಪಾಠ ಸುಲಭದ್ದೇನಲ್ಲ. ಯಾವ ಲಕ್ಷಣಗಳಿದ್ದರೆ ಒಂದು ಚಿತ್ರ ಈ ಗುಂಪಿಗೆ ಸೇರುತ್ತದೆ, ಆ ಲಕ್ಷಣಗಳು ಎಲ್ಲಿಂದ ಬಂದವು, ಕಾಲ ಬದಲಾದಂತೆ ಹೇಗೆ ಬದಲಾದವು ಎಂದು ಬಿಡಿಸಿ ನೋಡಬೇಕು. ನೋಡಬೇಕಾದ ಚಿತ್ರಗಳ ಪಟ್ಟಿ 1978ರ ‘ಸೂಪರ್‌ಮ್ಯಾನ್’ನಿಂದ ಶುರುವಾಗಿ ಸ್ಪೈಡರ್‌ಮ್ಯಾನ್, ಬ್ಯಾಟ್‌ಮ್ಯಾನ್, ಐರನ್‌ಮ್ಯಾನ್ ದಾಟಿ ಬರುತ್ತದೆ. ನಮ್ಮ ದೇಶದ ಪಾಲಿಗೆ 1987ರ ‘ಮಿಸ್ಟರ್ ಇಂಡಿಯಾ’, 2006ರ ‘ಕ್ರಿಶ್’, 2021ರ ಮಲಯಾಳಂ ಚಿತ್ರ ‘ಮಿನ್ನಲ್ ಮುರಳಿ’. 1935 ಆ ಪಟ್ಟಿಯಲ್ಲಿಲ್ಲ.

ಇರಬೇಕಿತ್ತೇ? ಈ ವಿಷಯದಲ್ಲಿ ಹೆಚ್ಚಾಗಿ ಹೆಸರಿಸುವ ವಿದ್ವಾಂಸ ಪೀಟರ್ ಕೂಗನ್. ಅವರು 2006ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಸೂಪರ್‌ಹೀರೋಗೆ ಮೂರು ಲಕ್ಷಣ ಹೇಳುತ್ತಾರೆ. ಒಂದು, ತನ್ನ ಲಾಭಕ್ಕಲ್ಲದೆ ಪರರಿಗಾಗಿ ಹೊತ್ತ ಕೆಲಸ. ಎರಡು, ಸಾಮಾನ್ಯರಿಗಿಲ್ಲದ ಶಕ್ತಿ ಅಥವಾ ಕೌಶಲ. ಮೂರು, ಗುಟ್ಟಾದ ಇನ್ನೊಂದು ಗುರುತು, ಅದಕ್ಕೊಂದು ಹೆಸರು ಮತ್ತು ವೇಷ. ಹಾರುವ ವರ ಇರಲೇಬೇಕೆಂದೇನೂ ಇಲ್ಲ; ಬ್ಯಾಟ್‌ಮ್ಯಾನ್‌ಗೆ ಅಂಥದ್ದೇನೂ ಇಲ್ಲ, ಇರುವುದು ಅಭ್ಯಾಸ ಮಾಡಿದ ಮೈ ಮತ್ತು ಬುದ್ಧಿ. ಇನ್ನು ‘ಹಂಟರ್‌ವಾಲಿ’ಯ ಕಥೆ ನೋಡಿ. ದುಷ್ಟ ಮಂತ್ರಿ ರಣಮಲ್ ರಾಜನನ್ನು ಸೆರೆಹಿಡಿಯುತ್ತಾನೆ. ರಾಜಕುಮಾರಿ ಮಾಧುರಿ ಹಗಲಲ್ಲಿ ಅರಮನೆಯವಳು. ಮುಖವಾಡ ಹಾಕಿಕೊಂಡರೆ ಹಂಟರ್‌ವಾಲಿ, ಅನ್ಯಾಯ ಮಾಡಿದವರ ಬೆನ್ನಿಗೆ ಚಾವಟಿ ಬೀಸಿ, ಬಡವರ ಪರ ನಿಲ್ಲುವವಳು. ಮೂರೂ ಲಕ್ಷಣ ಕೂಡಿವೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇಂಥದ್ದು ದಿನಬೆಳಗಾದರೆ ನಡೆಯುತ್ತದೆ. ಡೇಟಾಬೇಸಿನಲ್ಲಿ ಹುಡುಕಿದ್ದು ಸಿಗಲಿಲ್ಲ ಎಂದರೆ ಅದು ಇಲ್ಲ ಎಂದೇ ಅರ್ಥವಲ್ಲ. ಯಾರೋ ಯಾವತ್ತೋ ಅದನ್ನು ಬೇರೆ ಹೆಸರಿನಡಿ ಇಟ್ಟಿರುತ್ತಾರೆ. ನಾಡಿಯಾ ಅವರ ಚಿತ್ರಗಳನ್ನು ‘ಸ್ಟಂಟ್ ಪಿಕ್ಚರ್’ ಎಂಬ ಹೆಸರಿನಡಿ ಇಟ್ಟಿದ್ದರು. ಆ ಹೆಸರಿನಲ್ಲಿ ತಾತ್ಸಾರವಿತ್ತು. ಆ ತಾತ್ಸಾರ ಎಲ್ಲಿಂದ ಬಂತು ಎಂದು ತಿಳಿಯಲು ಅವರ ಬದುಕನ್ನೇ ನೋಡಬೇಕು.

ಅವರ ಹುಟ್ಟು ಹೆಸರು ಮೇರಿ ಆನ್ ಇವಾನ್ಸ್. ಹುಟ್ಟಿದ್ದು 1908ರ ಜನವರಿ 8ರಂದು, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ತಂದೆ ಬ್ರಿಟಿಷ್ ಸೈನ್ಯದವರು, ತಾಯಿ ಗ್ರೀಕ್ ಮೂಲದವರು. ತಂದೆಯ ಸೇನಾ ತುಕಡಿಯ ಜೊತೆ ಐದು ವರ್ಷದ ಸುಮಾರಿಗೆ ಮೇರಿ ಮುಂಬೈಗೆ ಬಂದಳು. ಮೊದಲ ಮಹಾಯುದ್ಧಕ್ಕೆ ಹೋದ ತಂದೆ 1915ರಲ್ಲಿ ತೀರಿಕೊಂಡರು. ತಾಯಿ ಮಗಳು ಇಲ್ಲೇ ಉಳಿದರು. 1922ರಲ್ಲಿ ಹುಡುಗಿ ಪೇಶಾವರಕ್ಕೆ ಹೋದಳು. ಗುಡ್ಡಗಾಡಿನ ಆ ಗಡಿ ಊರಿನಲ್ಲಿ ಕುದುರೆ ಸವಾರಿ, ಬಂದೂಕು ಹಿಡಿಯುವುದು, ಬೇಟೆ, ಮೀನು ಹಿಡಿಯುವುದು ಎಲ್ಲ ಕಲಿತಳು. ಮುಂದೆ ಹೊಟ್ಟೆ ತುಂಬಿಸುವ ವಿದ್ಯೆ ಇದೇ ಆಗುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

1928ರಲ್ಲಿ ತಾಯಿ ಮತ್ತು ರಾಬರ್ಟ್ ಎಂಬ ಪುಟ್ಟ ಮಗನೊಂದಿಗೆ ಮೇರಿ ಮತ್ತೆ ಮುಂಬೈಗೆ ಬಂದರು. ಅಲ್ಲಿಂದ ಕೆಲಸದ ಹುಡುಕಾಟ. ಆರ್ಮಿ ಅಂಡ್ ನೇವಿ ಸ್ಟೋರ್ಸ್ ಅಂಗಡಿಯಲ್ಲಿ ಮಾರಾಟದ ಕೆಲಸ ಮಾಡಿದರು. ಶಾರ್ಟ್‌ಹ್ಯಾಂಡ್, ಟೈಪಿಂಗ್ ಕಲಿತು ಇನ್ನೂ ಚೆನ್ನಾದ ನೌಕರಿ ಹಿಡಿಯಬೇಕೆಂದಿದ್ದರು. ನಡುವೆ ಮದಾಂ ಆಸ್ತ್ರೋವಾ ಎಂಬ ರಷ್ಯನ್ ನೃತ್ಯ ಶಿಕ್ಷಕಿಯ ಬಳಿ ಬ್ಯಾಲೆ ಕಲಿತು, ಅವರ ತಂಡದೊಂದಿಗೆ ಊರೂರು ತಿರುಗಿದರು. ಪಲ್ಟಿ ಹೊಡೆಯುವುದು, ಚಕ್ರ ಹಾಕುವುದು ಅಲ್ಲೇ ಬಂತು. 1930ರಲ್ಲಿ ಸ್ವಲ್ಪ ಕಾಲ ಜಾರ್ಕೋ ಸರ್ಕಸ್‌ನಲ್ಲೂ ಇದ್ದರು. ಅರ್ಮೇನಿಯನ್ ಜ್ಯೋತಿಷಿಯೊಬ್ಬರು ‘ನ’ಕಾರದಿಂದ ಶುರುವಾಗುವ ಹೆಸರಿಟ್ಟುಕೊಂಡರೆ ಒಳ್ಳೆಯದಾಗುತ್ತದೆ ಎಂದದ್ದರಿಂದ ಮೇರಿ ನಾಡಿಯಾ ಆದರು.

ಹೊಟ್ಟೆಪಾಡಿಗೆ ಊರು ಬಿಟ್ಟ ನಮಗೆಲ್ಲ ಈ ಅಧ್ಯಾಯ ಹೊಸದಾಗಿ ಕಾಣುವುದಿಲ್ಲ. ಒಂದು ನೌಕರಿ, ಇನ್ನೊಂದು ಕೋರ್ಸ್, ಮತ್ತೊಂದು ಊರು. ಇದ್ದ ವಿದ್ಯೆಗೂ ಸಿಕ್ಕ ಕೆಲಸಕ್ಕೂ ತಾಳೆಯಿಲ್ಲ. ನಾವಾದರೆ ಹಬ್ಬಕ್ಕೆ ಊರಿಗೆ ಹೋಗಿಬರಬಹುದು. ನಾಡಿಯಾಗೆ ಹಾಗೆ ಹೋಗಿಬರಲು ಊರು ಅಂತ ಇರಲಿಲ್ಲ.

ಲಾಹೋರಿನ ರೀಗಲ್ ಚಿತ್ರಮಂದಿರದ ವ್ಯವಸ್ಥಾಪಕರಾಗಿದ್ದ ಎರುಚ್ ಕಂಗಾ ಅವರಿಂದ ನಾಡಿಯಾಗೆ ವಾಡಿಯಾ ಸಹೋದರರ ಪರಿಚಯವಾಯಿತು. ಮುಂಬೈ ಬಂದರಿನ ಹಡಗು ಕಟ್ಟುವವರೆಂದು ಹೆಸರಾದ ಪಾರ್ಸಿ ಮನೆತನ ಅದು. ಅಣ್ಣ ಜೆ.ಬಿ.ಎಚ್. ವಾಡಿಯಾ ಎಂ.ಎ. ಮತ್ತು ಕಾನೂನು ಓದಿಕೊಂಡವರು. ತಮ್ಮ ಹೋಮಿ ಕ್ಯಾಮೆರಾ ಹಿಂದೆ ನಿಂತು ಕೆಲಸ ಕಲಿತವರು. ಇಬ್ಬರೂ ಸೇರಿ 1933ರಲ್ಲಿ ವಾಡಿಯಾ ಮೂವಿಟೋನ್ ಕಟ್ಟಿದ್ದರು.

ಹೊಂಬಣ್ಣದ ಕೂದಲು, ನೀಲಿ ಕಣ್ಣಿನ ಈ ಗಟ್ಟಿಮುಟ್ಟು ಹೆಂಗಸನ್ನು ಹಿಂದೂಸ್ತಾನಿ ಚಿತ್ರದಲ್ಲಿ ಹೇಗೆ ತೋರಿಸುವುದು ಎಂಬ ಚಿಂತೆ ಜೆ.ಬಿ.ಎಚ್. ಅವರಿಗಿತ್ತು. ಹೆಸರನ್ನು ನಂದಾದೇವಿ ಎಂದು ಬದಲಿಸಿ, ಕಪ್ಪು ಜಡೆಯ ಚೌರಿ ಹಾಕಿಕೊಳ್ಳಲು ಸೂಚಿಸಿದರಂತೆ. ಅದು ಕರಾರಿನಲ್ಲಿ ಇಲ್ಲ ಎಂದು ನಾಡಿಯಾ ಒಪ್ಪಲಿಲ್ಲ. ಆಗ ಅವರು ಇನ್ನೂ ಒಂದು ಚಿತ್ರದಲ್ಲೂ ನಟಿಸಿರಲಿಲ್ಲ. ಅವರ ಹಿಂದೂಸ್ತಾನಿ ಉಚ್ಚಾರ ಕೊನೆಯವರೆಗೂ ಪರದೇಶಿಯದಾಗಿಯೇ ಉಳಿಯಿತು. ಮಾತಿನಲ್ಲಿ ಇದ್ದ ಕೊರತೆಯನ್ನು ಮೈಯಿಂದ ತುಂಬಿಸಿದರು. ‘ದೇಶ್ ದೀಪಕ್’ನಲ್ಲಿ ಗುಲಾಮ ಹುಡುಗಿಯ ಸಣ್ಣ ಪಾತ್ರ, ‘ನೂರ್‌-ಎ-ಯಮನ್’ನಲ್ಲಿ ರಾಜಕುಮಾರಿಯ ಪಾತ್ರ. ಜನ ಒಪ್ಪಿದ್ದು ಕಂಡು ವಾಡಿಯಾಗಳು ‘ಹಂಟರ್‌ವಾಲಿ’ಗೆ ಕೈಹಾಕಿದರು. ಹೋಮಿ ನಿರ್ದೇಶಿಸಿದರು.

ಈ ಮುಖವಾಡ ಬಂದದ್ದು ಹಾಲಿವುಡ್‌ನಿಂದ. ಜೆ.ಬಿ.ಎಚ್. ಅವರಿಗೆ ಡಗ್ಲಸ್ ಫೇರ್‌ಬ್ಯಾಂಕ್ಸ್ ಎಂದರೆ ಪ್ರಾಣ. ಫೇರ್‌ಬ್ಯಾಂಕ್ಸ್ 1920ರ ‘ದಿ ಮಾರ್ಕ್ ಆಫ್ ಜೋರೋ’ದಲ್ಲಿ ಹಗಲು ಸೋಮಾರಿ ಶ್ರೀಮಂತ, ರಾತ್ರಿ ಮುಖವಾಡದ ಕತ್ತಿವೀರ. ಬ್ಯಾಟ್‌ಮ್ಯಾನ್ ಸೃಷ್ಟಿಸಿದವರಿಗೂ ಅದೇ ಜೋರೋ ಸ್ಫೂರ್ತಿ. ಅಂದರೆ ಒಂದೇ ಮರದ ಎರಡು ಕೊಂಬೆ. ಮುಂಬೈ ಕಡೆಯದು ನಾಲ್ಕು ವರ್ಷ ಮೊದಲೇ ಚಿಗುರಿತು. ಮಾಧ್ಯಮ ತರಗತಿಯಲ್ಲಿ ಪ್ರಕಾರದ ವಂಶಾವಳಿ ಬರೆಯಿಸುವಾಗ ಈ ಕೊಂಬೆ ಬಿಟ್ಟುಹೋದರೆ, ಸೂಪರ್‌ಹೀರೋ ಅಂದರೆ ಅಮೆರಿಕದಿಂದ ತರಿಸಿಕೊಂಡ ಸಾಮಾನು ಎಂದೇ ಮಕ್ಕಳು ತಿಳಿಯುತ್ತಾರೆ.

ಹಾಗೆಂದು ಇದು ಬರೀ ನಕಲು ಆಗಿರಲಿಲ್ಲ. ನಮ್ಮ ಮನೆಯಿಂದ ಅಷ್ಟೇನೂ ದೂರವಿಲ್ಲದ ಹಳೆಯ ಅಲಿಪುರ ಜೈಲು ಈಗ ವಸ್ತುಸಂಗ್ರಹಾಲಯವಾಗಿದೆ. ನಾಡಿಯಾ ಹುಟ್ಟಿದ 1908ರಲ್ಲೇ ಅರವಿಂದ ಘೋಷರೂ ಅವರ ಸಂಗಾತಿಗಳೂ ಅಲಿಪುರ ಬಾಂಬ್ ಮೊಕದ್ದಮೆಯಲ್ಲಿ ಈ ಊರಿನಲ್ಲಿ ಸೆರೆಯಾದರು. ಅಂಥ ಆಳ್ವಿಕೆಯಲ್ಲಿ ಬ್ರಿಟಿಷರ ವಿರುದ್ಧ ನೇರವಾಗಿ ಚಿತ್ರ ತೆಗೆದರೆ ಸೆನ್ಸಾರ್ ಬಿಡುತ್ತಿರಲಿಲ್ಲ. ಎಲ್ಲಿಯದೋ ಕಲ್ಪನೆಯ ರಾಜ್ಯ, ಅದನ್ನು ಮೋಸದಿಂದ ಕಿತ್ತುಕೊಂಡ ಮಂತ್ರಿ, ಅವನನ್ನು ಇಳಿಸಲು ಮುಖವಾಡ ಹಾಕಿದ ರಾಜಕುಮಾರಿ ಎಂದರೆ ಬಿಡುತ್ತಿತ್ತು. ಅಗ್ಗದ ಟಿಕೆಟಿನವರಿಗೆ ಮಂತ್ರಿ ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಂಗ್ರೆಸ್ ಕಡೆ ಒಲವಿದ್ದ, ಮುಂದೆ ಬಂಗಾಳದ ಎಂ.ಎನ್. ರಾಯ್ ಅವರ ವಿಚಾರಗಳ ಜೊತೆ ನಿಂತ ಜೆ.ಬಿ.ಎಚ್. ಇದನ್ನು ತಿಳಿದೇ ಮಾಡುತ್ತಿದ್ದರು. ತಮಾಷೆಯೆಂದರೆ ಆ ಬಂಡಾಯದ ಮುಖವಾಗಿ ನಿಂತವರು ಬ್ರಿಟಿಷ್ ಸೈನಿಕನ ಮಗಳು. ಪ್ರೇಕ್ಷಕರು ಅದನ್ನು ತಲೆಗೆ ಹಚ್ಚಿಕೊಳ್ಳಲೇ ಇಲ್ಲ. ಅವರ ಪಾಲಿಗೆ ನಾಡಿಯಾ ತಮ್ಮವರು.

ಚಿತ್ರ ಮುಗಿದಾಗ ಕೊಳ್ಳಲು ವಿತರಕರು ಮುಂದೆ ಬರಲಿಲ್ಲ. ಬಿಳಿ ಹೆಂಗಸು ಚಡ್ಡಿ ಹಾಕಿಕೊಂಡು ಗಂಡಸರನ್ನು ಹೊಡೆಯುವುದನ್ನು ಯಾರು ನೋಡುತ್ತಾರೆ ಎಂಬುದು ಅವರ ಲೆಕ್ಕ. ಕೊನೆಗೆ ವಾಡಿಯಾಗಳು ತಮ್ಮ ಪಾಲುದಾರ ಮಂಚೆರ್ಷಾ ಬಿಲಿಮೋರಿಯಾ ಜೊತೆಗೂಡಿ ತಾವೇ ಬಿಡುಗಡೆ ಮಾಡಿದರು. ಚಿತ್ರ 25 ವಾರ ಓಡಿತು. ಬೀದಿಯಲ್ಲಿ ಹಂಟರ್‌ವಾಲಿ ಹೆಸರಿನ ಚಾವಟಿ, ಬೆಲ್ಟು, ಬೆಂಕಿಪೊಟ್ಟಣ ಮಾರಾಟಕ್ಕೆ ಬಂದವು. ಇವತ್ತು ಮಾರ್ವೆಲ್ ಕಂಪನಿ ಲೈಸೆನ್ಸ್ ಕೊಟ್ಟು ಮಾಡುವ ವ್ಯಾಪಾರವನ್ನು ಅಂದಿನ ಸಣ್ಣ ವ್ಯಾಪಾರಿಗಳು ಯಾರನ್ನೂ ಕೇಳದೆ ಮಾಡಿದರು.

ಅಲ್ಲಿಂದ ಸಾಲು ಸಾಲು ಚಿತ್ರ. 1936ರಲ್ಲಿ ‘ಮಿಸ್ ಫ್ರಾಂಟಿಯರ್ ಮೇಲ್’, ಮರುವರ್ಷ ‘ಹರಿಕೇನ್ ಹಂಸಾ’, 1939ರಲ್ಲಿ ‘ಪಂಜಾಬ್ ಮೇಲ್’, 1940ರಲ್ಲಿ ‘ಡೈಮಂಡ್ ಕ್ವೀನ್’. ಓಡುವ ರೈಲಿನ ಮೇಲೆ ಹೊಡೆದಾಟ, ಆಳನ್ನೇ ಹೆಗಲ ಮೇಲೆತ್ತಿ ಎಸೆಯುವುದು, ತೂಗುದೀಪ ಹಿಡಿದು ಜೋತಾಡುವುದು. 1942ರ ‘ಜಂಗಲ್ ಪ್ರಿನ್ಸೆಸ್’ನಲ್ಲಿ ಸಿಂಹಗಳೊಂದಿಗೆ ದೃಶ್ಯ. ಇವನ್ನೆಲ್ಲ ನಾಡಿಯಾ ಡ್ಯೂಪ್ ಇಲ್ಲದೆ ತಾವೇ ಮಾಡಿದರು. ಕಂಪ್ಯೂಟರ್ ಗ್ರಾಫಿಕ್ಸ್ ಅಂತೂ ಕನಸಿನಲ್ಲೂ ಇಲ್ಲದ ಕಾಲ. ತಪ್ಪಿದರೆ ಮೂಳೆ ಮುರಿಯುವುದೇ. ಬ್ಯಾಟ್‌ಮ್ಯಾನ್‌ಗೆ ಬ್ಯಾಟ್‌ಮೊಬೈಲ್ ಇದ್ದಂತೆ ನಾಡಿಯಾಗೂ ಒಂದು ಪರಿವಾರವಿತ್ತು: ‘ಪಂಜಾಬ್ ಕಾ ಬೇಟಾ’ ಎಂಬ ಕುದುರೆ, ‘ಗನ್‌ಬೋಟ್’ ಎಂಬ ನಾಯಿ, ‘ರೋಲ್ಸ್ ರಾಯ್ಸ್ ಕೀ ಬೇಟಿ’ ಎಂಬ ಕಾರು. ಜೊತೆಗೆ ನಾಯಕ ಜಾನ್ ಕವಾಸ್. ನಾಯಕಿಯನ್ನು ಕಾಪಾಡುವುದು ನಾಯಕನ ಕೆಲಸವಾಗಿದ್ದ ಕಾಲದಲ್ಲಿ ಇಲ್ಲಿ ಎಷ್ಟೋ ಸಲ ನಾಯಕಿಯೇ ಅವನನ್ನು ಕಾಪಾಡುತ್ತಿದ್ದಳು. ‘ಡೈಮಂಡ್ ಕ್ವೀನ್’ನಲ್ಲಂತೂ ಹೊಡೆದಾಟದ ನಡುವೆಯೇ ಅಕ್ಷರ ಕಲಿಕೆ, ಹೆಣ್ಣುಮಕ್ಕಳ ಸ್ವಾತಂತ್ರ್ಯದ ಮಾತು ಬರುತ್ತದೆ.

ಇಷ್ಟಿದ್ದರೂ ಓದಿದ ವರ್ಗ ಮೂಗು ಮುರಿಯಿತು. ಪೌರಾಣಿಕ ಚಿತ್ರಕ್ಕೆ ಭಕ್ತಿಯ ಮರ್ಯಾದೆ, ಸಾಮಾಜಿಕ ಚಿತ್ರಕ್ಕೆ ವಿಚಾರದ ಮರ್ಯಾದೆ. ಸ್ಟಂಟ್ ಚಿತ್ರ ಎಂದರೆ ಗಿರಣಿ ಕಾರ್ಮಿಕರು, ಗಾಡಿ ಹೊಡೆಯುವವರು, ಶಾಲೆ ತಪ್ಪಿಸಿ ಬಂದ ಹುಡುಗರು ನೋಡುವಂಥದ್ದು. ಹೀಗೆ ನೋಡುವವರ ಅಂತಸ್ತನ್ನು ಅಳೆದು ಚಿತ್ರಕ್ಕೆ ಹೆಸರಿಟ್ಟರು. ಆ ಹೆಸರೇ ಮುಂದೆ ಇತಿಹಾಸ ಬರೆದವರ ಕೈಗೂ ಹೋಯಿತು.

ಈ ತಾತ್ಸಾರ ವಾಡಿಯಾ ಮನೆಯನ್ನೂ ಬಿಡಲಿಲ್ಲ, ಮತ್ತು ಇಲ್ಲಿ ಕೋಲ್ಕತ್ತಾದ ಪಾತ್ರವೂ ಇದೆ. ಜೆ.ಬಿ.ಎಚ್. ಅವರಿಗೆ ಗೌರವದ ಚಿತ್ರ ಮಾಡುವ ಆಸೆ ಬಲವಾಯಿತು. 1941ರಲ್ಲಿ ಇಲ್ಲಿಯ ನಿರ್ದೇಶಕ ಮಧು ಬೋಸ್ ಅವರಿಂದ ‘ರಾಜ್ ನರ್ತಕಿ’ ಮಾಡಿಸಿದರು. ಕೇಶವಚಂದ್ರ ಸೇನರ ಮೊಮ್ಮಗಳು ಸಾಧನಾ ಬೋಸ್ ನಾಯಕಿ, ಪೃಥ್ವಿರಾಜ್ ಕಪೂರ್ ನಾಯಕ. ಹಿಂದಿ, ಬಂಗಾಳಿ, ಇಂಗ್ಲಿಷ್ ಮೂರರಲ್ಲೂ ತಯಾರಾದ ಚಿತ್ರ. ಇಂಗ್ಲಿಷಿನದು ಅಮೆರಿಕಕ್ಕೂ ಹೋಯಿತು. ಸ್ಟುಡಿಯೋದ ಅನ್ನ ಬೇಯುತ್ತಿದ್ದದ್ದು ನಾಡಿಯಾ ಚಿತ್ರಗಳ ದುಡ್ಡಿನಲ್ಲಿ, ಹೆಸರು ಬೇಕಾಗಿದ್ದದ್ದು ಇಂಥ ಚಿತ್ರಗಳಿಂದ. ಅಣ್ಣ ತಮ್ಮಂದಿರ ದಾರಿ ಬೇರೆಯಾಯಿತು. 1942ರಲ್ಲಿ ಹೋಮಿ ಬಸಂತ್ ಪಿಕ್ಚರ್ಸ್ ಎಂಬ ತಮ್ಮದೇ ಕಂಪನಿ ತೆರೆದರು. ವಾಡಿಯಾ ಮೂವಿಟೋನ್ ಸ್ಟುಡಿಯೋದ ಜಾಗ ವಿ. ಶಾಂತಾರಾಮ್ ಅವರ ರಾಜಕಮಲ್ ಆಯಿತು. ಬಸಂತ್‌ಗೆ ಬಲ ತಂದದ್ದು 1943ರ ‘ಹಂಟರ್‌ವಾಲಿ ಕೀ ಬೇಟಿ’. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಸೀಕ್ವೆಲ್. ಸೀಕ್ವೆಲ್ ಮೇಲೆಯೇ ನಿಂತಿರುವ ಪ್ರಕಾರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ನಾಡಿಯಾ ಮತ್ತು ಹೋಮಿ ಒಬ್ಬರನ್ನೊಬ್ಬರು ಮೆಚ್ಚಿದ್ದು ಸ್ಟುಡಿಯೋದಲ್ಲೇ. ಹೋಮಿಯ ತಾಯಿಗೆ ಈ ಪರದೇಶಿ ಸೊಸೆ ಬೇಡವಾಗಿತ್ತು. ಅಣ್ಣ ಜೆ.ಬಿ.ಎಚ್. ಇವರ ಪರವಾಗಿದ್ದರು, ಆದರೂ ತಾಯಿಯ ಮನಸ್ಸು ನೋಯಿಸಲು ಹೋಮಿ ಒಪ್ಪಲಿಲ್ಲ. ಇಬ್ಬರೂ ಕಾದರು, ವರ್ಷಗಟ್ಟಲೆ ಅಲ್ಲ, ದಶಕಗಟ್ಟಲೆ. ಮದುವೆಯಾದದ್ದು 1961ರಲ್ಲಿ, ನಾಡಿಯಾಗೆ 53 ವರ್ಷವಾಗಿದ್ದಾಗ. ಪರದೆಯ ಮೇಲೆ ಸಿಂಹಕ್ಕೆ ಹೆದರದವರು ಮನೆಯ ಹೊಸ್ತಿಲಲ್ಲಿ ಅಷ್ಟು ಕಾಲ ತಡೆದು ನಿಂತರು. ದೇಶದ ಜನ ತಮ್ಮವರೆಂದು ಒಪ್ಪಿದ್ದು ಒಂದೇ ಚಿತ್ರಕ್ಕೆ, ಒಂದು ಮನೆ ಒಪ್ಪಲು ಕಾಲು ಶತಮಾನ. 1968ರ ‘ಖಿಲಾಡಿ’ ಅವರ ಕೊನೆಯ ಚಿತ್ರ.

ಆಮೇಲೆ ಮರೆವು. ಸ್ವಾತಂತ್ರ್ಯದ ನಂತರ ನಾಯಕಿ ಮೆಲ್ಲಗೆ ತಲೆ ತಗ್ಗಿಸಿ ನಡೆಯುವವಳಾದಳು. ಹೊಡೆದಾಟ ಗಂಡಸರ ಪಾಲಾಯಿತು. ಒಳ್ಳೆಯ ಸಿನಿಮಾ ಎಂದರೇನು ಎಂಬ ಚರ್ಚೆಗೆ ಕೋಲ್ಕತ್ತಾ ತೌರುಮನೆ. ಸತ್ಯಜಿತ್ ರಾಯ್ ಮತ್ತು ಗೆಳೆಯರು 1947ರಲ್ಲಿ ಇಲ್ಲಿ ಫಿಲ್ಮ್ ಸೊಸೈಟಿ ಕಟ್ಟಿದರು, ಜಾಧವಪುರ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ಸಿನಿಮಾ ಅಧ್ಯಯನ ವಿಭಾಗ ಶುರುವಾಯಿತು. ಫಿಲ್ಮ್ ಸೊಸೈಟಿಗಳ ಕಾಲದ ಒಳ್ಳೆಯ ಸಿನಿಮಾದ ಲೆಕ್ಕದಲ್ಲಿ ಸ್ಟಂಟ್ ಚಿತ್ರಕ್ಕೆ ಜಾಗವಿರಲಿಲ್ಲ.

ಅಂಥ ಹೊತ್ತಿನಲ್ಲಿ ನಾಡಿಯಾ ಬಗ್ಗೆ ಗಂಭೀರವಾಗಿ ಬರೆದವರಲ್ಲಿ ಮೊದಲಿಗರೊಬ್ಬರು ನಮ್ಮ ಕನ್ನಡದವರು ಎಂಬುದು ನನಗೆ ಹೆಮ್ಮೆ. ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲಿ, 1940ರ ದಶಕದಲ್ಲಿ. ಆ ವೇಳೆಗೆ ನಾಡಿಯಾ ಚಿತ್ರಗಳು ಮಲೆನಾಡಿನ ಊರುಗಳನ್ನೂ ಮುಟ್ಟಿದ್ದವು. ‘ತುಘಲಕ್’ ಬರೆದು, ‘ಸಂಸ್ಕಾರ’ದಲ್ಲಿ ನಟಿಸಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರೂ ಆಗಿ ಬಂದ ಕಾರ್ನಾಡರು 1980ರಲ್ಲಿ ‘ಸಿನಿಮಾ ವಿಷನ್’ ಎಂಬ ಇಂಗ್ಲಿಷ್ ಪತ್ರಿಕೆಯಲ್ಲಿ ನಾಡಿಯಾಗೆಂದೇ ಒಂದು ಲೇಖನ ಬರೆದರು. ತಮ್ಮ ಕಾಲದ ಶಾಲಾ ಹುಡುಗರಿಗೆ ಧೈರ್ಯ, ಬಲ, ಆದರ್ಶ ಎಲ್ಲದರ ರೂಪವಾಗಿ ನಾಡಿಯಾ ಕಂಡಿದ್ದರು ಎಂಬುದನ್ನು ಸಂಕೋಚವಿಲ್ಲದೆ ಹೇಳಿದರು. ಕಲಾತ್ಮಕ ಸಿನಿಮಾದ ಮುಂಚೂಣಿಯಲ್ಲಿದ್ದವರೇ ಹೀಗೆ ಹೇಳಿದ ಮೇಲೆ ಸ್ಟಂಟ್ ಚಿತ್ರಗಳನ್ನು ನೋಡುವ ಕಣ್ಣು ಸ್ವಲ್ಪ ಬದಲಾಗಲೇಬೇಕಿತ್ತು.

ಮುಂದೆ 1993ರಲ್ಲಿ ಜೆ.ಬಿ.ಎಚ್. ಅವರ ಮೊಮ್ಮಗ ರಿಯಾದ್ ವಾಡಿಯಾ ಸಾಕ್ಷ್ಯಚಿತ್ರ ಮಾಡಿದರು. ಇಂಗ್ಲೆಂಡಿನ ವಿದ್ವಾಂಸೆ ರೋಸಿ ಥಾಮಸ್ 2005ರ ಪ್ರಬಂಧದಲ್ಲೂ 2013ರ ಪುಸ್ತಕದಲ್ಲೂ ನಾಡಿಯಾ ಚಿತ್ರಗಳನ್ನು ಬಿಡಿಸಿ ನೋಡಿದರು. ಈಗ ಕಲಿಸಲು ಸಾಮಗ್ರಿ ಇಲ್ಲ ಎನ್ನುವಂತಿಲ್ಲ. ಸಾಕ್ಷ್ಯಚಿತ್ರ ಬಂದಾಗ ನಾಡಿಯಾ ಇನ್ನೂ ಇದ್ದರು ಎಂಬುದೊಂದು ಸಮಾಧಾನ. 1996ರ ಜನವರಿ 9ರಂದು, 88ನೆಯ ಹುಟ್ಟುಹಬ್ಬದ ಮರುದಿನ, ಮುಂಬೈನಲ್ಲಿ ತೀರಿಕೊಂಡರು. 2018ರ ಜನವರಿ 8ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗ, ಇವರು ಯಾರು ಎಂದು ಕ್ಲಿಕ್ ಮಾಡಿ ನೋಡಿದವರೇ ಹೆಚ್ಚಿರಬೇಕು.

2025ರಲ್ಲಿ ಮಲಯಾಳಂನ ‘ಲೋಕಾ’ ಬಂತು. ನಮ್ಮ ಬೆಂಗಳೂರಿನಲ್ಲೇ ನಡೆಯುವ ಕಥೆ, ನಾಯಕಿಯೇ ಸೂಪರ್‌ಹೀರೋ. ಸಂತೋಷದಿಂದ ನೋಡಿದೆ. ಹೆಣ್ಣೊಬ್ಬಳು ಸೂಪರ್‌ಹೀರೋ ಆಗುವುದು ನಮ್ಮಲ್ಲಿ ಹೊಸದು ಎಂಬಂತೆ ಜನ ಮಾತಾಡಿದಾಗ ಮಾತ್ರ ಮನಸ್ಸು ಗ್ರಾಂಟ್ ರೋಡಿಗೆ ಹೋಯಿತು. ಹೊಸದಲ್ಲ; 90 ವರ್ಷ ಹಳೆಯದು. ನಡುವೆ ಯಾರೋ ತಪ್ಪು ಹೆಸರಿನಡಿ ಇಟ್ಟದ್ದರಿಂದ ಪ್ರತಿ ತಲೆಮಾರೂ ಮೊದಲಿನಿಂದ ಶುರು ಮಾಡಬೇಕಾಗಿದೆ. ಹೊರನಾಡಿನಲ್ಲಿ ಮಾಧ್ಯಮ ಓದುತ್ತಿರುವ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಪಟ್ಟಿಯಲ್ಲಿ ‘ಸೂಪರ್‌ಮ್ಯಾನ್’ಗಿಂತ ಮೇಲೆ ಒಂದು ಸಾಲು ಬರೆದುಕೊಳ್ಳಲು ಹೇಳಿ: ‘ಹಂಟರ್‌ವಾಲಿ’, 1935, ನಿರ್ದೇಶನ ಹೋಮಿ ವಾಡಿಯಾ, ಮುಖ್ಯ ಪಾತ್ರದಲ್ಲಿ ನಾಡಿಯಾ.